ಹೃದಯದೊಳಗಿನ ಗಡ್ಡೆಗೆ ಎಕೋ, ಸಿಟಿ, ಎಂಆರ್‌ಐ: ನನ್ನ ಓಟು ಎಂಆರ್‌ಐಗೆ

ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟಿನಲ್ಲಿ ‘ಎಡ ಹೃತ್ಕರ್ಣದಲ್ಲಿ ಮಾಸ್’, ಅಂದರೆ ಉಂಡೆಯಂಥದ್ದೇನೋ ಇದೆ, ಎಂದಷ್ಟೇ ಇರುತ್ತದೆ. ಅದು ಗಡ್ಡೆಯೋ ಹೆಪ್ಪುಗಟ್ಟಿದ ರಕ್ತವೋ ಗೊತ್ತಾಗದೆ, ಆಪರೇಷನ್ ಮಾಡಬೇಕೋ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡಬೇಕೋ ತೀರ್ಮಾನವಾಗದು. ಈ ಒಂದು ಪ್ರಶ್ನೆಗೆ ಎಂಆರ್‌ಐನಷ್ಟು ನೇರ ಉತ್ತರ ಉಳಿದೆರಡರಲ್ಲಿ ಸಿಗುವುದಿಲ್ಲ.

ಹೆಪ್ಪಿಗೆ ರಕ್ತನಾಳಗಳಿಲ್ಲ, ಹಾಗಾಗಿ ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ಔಷಧ ಗ್ಯಾಡೋಲಿನಿಯಂ ಅದರೊಳಗೆ ಇಳಿಯುವುದಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಇನ್ವರ್ಷನ್ ಟೈಮನ್ನು (ಟಿಐ: ಸಿಗ್ನಲ್ ತಿರುಗಿಸುವ ಪಲ್ಸ್ ಕೊಟ್ಟು ಚಿತ್ರ ತೆಗೆಯುವವರೆಗೆ ಕಾಯುವ ಸಮಯ) ಸುಮಾರು 600 ಮಿಲಿಸೆಕೆಂಡಿಗೆ ಏರಿಸಿ: ಹೃದಯದ ಸ್ನಾಯು ಬೂದಾಗುತ್ತದೆ, ಹೆಪ್ಪು ಕಾಡಿಗೆಯಂತೆ ಕಪ್ಪಾಗಿಯೇ ಉಳಿಯುತ್ತದೆ. ಹಳೆಯ ಹೆಪ್ಪಿನ ಅಂಚು ಕೆಲವೊಮ್ಮೆ ಬೆಳಗುತ್ತದೆ, ಅಷ್ಟಕ್ಕೇ ಗಡ್ಡೆ ಎಂದು ಬರೆಯಬೇಡಿ. ಮಿಕ್ಸೋಮಾ (ಲೋಳೆಯಂಥ ಗಡ್ಡೆ) ಟಿ2ನಲ್ಲಿ, ಅಂದರೆ ನೀರಿನಂಶ ಬೆಳ್ಳಗೆ ಕಾಣುವ ಚಿತ್ರದಲ್ಲಿ, ಬೆಳ್ಳಗೆ, ಕಾಂಟ್ರಾಸ್ಟ್ ಹಿಡಿಯುವುದು ಅಲ್ಲಲ್ಲಿ. ಫೈಬ್ರೋಮಾ (ನಾರಿನ ಗಡ್ಡೆ) ಟಿ2ನಲ್ಲಿ ಕಪ್ಪು, ಇಂಜೆಕ್ಷನ್ ಆಗಿ ಹತ್ತು ನಿಮಿಷದ ನಂತರದ ಚಿತ್ರದಲ್ಲಿ ಢಾಳಾಗಿ ಬಿಳಿ. ಲಿಪೋಮಾ (ಕೊಬ್ಬಿನ ಗಡ್ಡೆ) ಫ್ಯಾಟ್ ಸ್ಯಾಚುರೇಷನ್ (ಕೊಬ್ಬಿನ ಸಿಗ್ನಲ್ ಅಳಿಸುವ ತಂತ್ರ) ಹಾಕಿದ ಕೂಡಲೇ ಕಪ್ಪಾಗುತ್ತದೆ.

ಎಂಆರ್‌ಐಯ ದೊಡ್ಡ ಗೋಳು ಇಸಿಜಿ ಗೇಟಿಂಗ್. ಚಿತ್ರ ತೆಗೆಯುವುದು ಹೃದಯಬಡಿತಕ್ಕೆ ಹೊಂದಿಕೊಂಡು. ಮ್ಯಾಗ್ನೆಟ್‌ನೊಳಗೆ ಹರಿಯುವ ರಕ್ತವೇ ಇಸಿಜಿಯ ಟಿ ಅಲೆಯನ್ನು ಉಬ್ಬಿಸುವುದರಿಂದ ಯಂತ್ರ ಅದನ್ನೇ ಬಡಿತ ಗುರುತಿಸುವ ಆರ್ ಅಲೆ ಎಂದು ತಿಳಿದು ತಪ್ಪು ಗಳಿಗೆಯಲ್ಲಿ ಶುರುಮಾಡುತ್ತದೆ. ಗಡ್ಡೆಯ ಅಂಚು ಕಲಸಿಹೋಗುತ್ತದೆ.

ಇದನ್ನು ತಪ್ಪಿಸಲು ಎದೆಯ ಕೂದಲು ತೆಗೆದು, ಚರ್ಮ ಒರೆಸಿ ಒಣಗಿಸಿ, ಹೊಸ ಎಲೆಕ್ಟ್ರೋಡ್ ಅಂಟಿಸಿ. ಆರ್ ಅಲೆ ಎತ್ತರವಾಗಿ ಕಾಣುವವರೆಗೆ ಜಾಗ ಬದಲಿಸಿ. ಟೇಬಲ್ ಒಳಗೆ ಹೋದ ಮೇಲೆ ಇನ್ನೊಮ್ಮೆ ನೋಡಿ, ಹೊರಗಿನ ಇಸಿಜಿ ನಂಬಬೇಡಿ. ಉಸಿರು ಹಿಡಿಯುವುದು ಪೂರ್ತಿ ಹೊರಬಿಟ್ಟ ನಂತರ, 10–15 ಸೆಕೆಂಡ್. ಮೊದಲೇ ಅಭ್ಯಾಸ ಮಾಡಿಸಿ. ಬಡಿತ ತೀರಾ ಅಡ್ಡಾದಿಡ್ಡಿಯಾಗಿದ್ದರೆ ಹಟ ಬೇಡ: ರಿಯಲ್‌ಟೈಮ್ ಸಿನೆ (ಬಡಿತಕ್ಕೆ ಕಾಯದ ಚಲಿಸುವ ಚಿತ್ರ), ಒಂದೇ ಹೊಡೆತಕ್ಕೆ ತೆಗೆಯುವ ಸಿಂಗಲ್‌ಶಾಟ್ ಕಾಂಟ್ರಾಸ್ಟ್ ಚಿತ್ರ ಸಾಕು.

ಸ್ಲೈಸ್ (ಚಿತ್ರದ ಒಂದೊಂದು ಪದರ) ವಿಷಯದಲ್ಲೂ ಜಿಪುಣತನ ಸಲ್ಲದು. ಮಾಮೂಲಿ 8 ಮಿಮೀ ಸ್ಲೈಸ್, ನಡುವೆ ಅಂತರ ಬಿಟ್ಟರೆ ಸಣ್ಣ ಗಡ್ಡೆಯ ತೊಟ್ಟು ಕೈತಪ್ಪುತ್ತದೆ. ಗಡ್ಡೆ ಇರುವ ಕಡೆ 5 ಮಿಮೀ, ಅಂತರವಿಲ್ಲದೆ, ಎರಡು ದಿಕ್ಕಿನಲ್ಲಿ.

ಸಿಟಿ ಬೇಕಾಗುವುದು ಗಡ್ಡೆಯಲ್ಲಿನ ಕ್ಯಾಲ್ಸಿಯಂ ನೋಡಲು, ಶ್ವಾಸಕೋಶಕ್ಕೆ ಹರಡಿದೆಯೇ ಎಂದು ಪರೀಕ್ಷಿಸಲು, ಮತ್ತು ಎಂಆರ್‌ಐಗೆ ಹೊಂದದ ಪೇಸ್‌ಮೇಕರ್ ಇದ್ದವರಿಗೆ.

ಕವಾಟಕ್ಕೆ ಅಂಟಿ ಓಲಾಡುವ ಪುಟ್ಟ ಫೈಬ್ರೋಎಲಾಸ್ಟೋಮಾ ಗಡ್ಡೆಗೆ ಮಾತ್ರ ಅನ್ನನಾಳದ ಮೂಲಕ ಮಾಡುವ ಎಕೋನೇ ಮೇಲು. ಟ್ಯೂಬರಸ್ ಸ್ಕ್ಲೆರೋಸಿಸ್ (ಹಲವು ಅಂಗಗಳಲ್ಲಿ ಗಡ್ಡೆ ಬೆಳೆಸುವ ವಂಶವಾಹಿ ಕಾಯಿಲೆ) ಇರುವ ಕೂಸಿನಲ್ಲಿ ಹಲವು ರ‍್ಯಾಬ್ಡೋಮಯೋಮಾ (ಹೃದಯಸ್ನಾಯುವಿನ ಗಡ್ಡೆ) ಕಂಡರೂ ಸಾಮಾನ್ಯವಾಗಿ ಎಕೋ ಸಾಕು, ಅರಿವಳಿಕೆ ಕೊಟ್ಟು ಎಂಆರ್‌ಐಗೆ ಒಯ್ಯುವ ಅಗತ್ಯವಿರದು.

ಖರ್ಚಿನ ಲೆಕ್ಕ ನೋಡಿದರೆ ಎಕೋ ಎಲ್ಲರಿಗೂ, ಎಂಆರ್‌ಐ ಅನುಮಾನ ಉಳಿದವರಿಗೆ. ಒಂದೇ ದುಬಾರಿ ಪರೀಕ್ಷೆಗೆ ದುಡ್ಡಿದೆ ಎಂದರೆ ನಾನು ಬರೆಯುವುದು ಎಂಆರ್‌ಐ. ಚೀಟಿಯಲ್ಲಿ ‘ಕಾರ್ಡಿಯಾಕ್ ಎಂಆರ್‌ಐ’ ಎಂದಷ್ಟೇ ಗೀಚಿದರೆ ಮಾಮೂಲಿ ಸ್ನಾಯು ಪರೀಕ್ಷೆ ಮಾಡಿ ಕಳಿಸಿಬಿಡುತ್ತಾರೆ. ‘ಮಾಸ್ ಪ್ರೋಟೋಕಾಲ್, ಲಾಂಗ್ ಟಿಐ ಸಹಿತ’ ಎಂದು ಬರೆದು, ಎಕೋ ರಿಪೋರ್ಟನ್ನೂ ಜೊತೆಗಿಡಿ.