20 ಟ್ಯಾಗ್‌ಲೈನ್ ಬಂದವು, ಬೋರ್ಡ್ ಹತ್ತಿದ್ದು 21ನೆಯದು

ನಾಲ್ಕು ಪದಕ್ಕೆ ದುಡ್ಡು ಕೊಡ್ತೀಯಾ ಅಂತ ಮನೆಯಲ್ಲಿ ಎಲ್ಲರೂ ನಕ್ಕರು. ಕೊಟ್ಟೆ. ಟ್ಯಾಗ್‌ಲೈನ್, ಅಂದರೆ ಬೋರ್ಡಿನಲ್ಲಿ ಹೆಸರಿನ ಕೆಳಗೆ ಹಾಕುವ ಸಾಲು, ಬರೆದುಕೊಡುವ ಆ ಸರ್ವಿಸ್ ಹೇಗಿತ್ತು ಅಂತ ಈಗ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಇದೇ ಥರ ಕೆಲಸ ಮಾಡುವವರು ಬೇಕಾದಷ್ಟಿದ್ದಾರೆ: ಆನ್‌ಲೈನ್‌ನಲ್ಲಿ ಫಾರಂ ತುಂಬಬೇಕು, ಹಣ ಕಟ್ಟಬೇಕು, ನಾಲ್ಕು ದಿನದಲ್ಲಿ 20 ಟ್ಯಾಗ್‌ಲೈನ್ ಇಮೇಲ್‌ಗೆ ಬರುತ್ತವೆ, ಎರಡು ಸಲ ತಿದ್ದಿಸಿಕೊಳ್ಳುವುದು ಫ್ರೀ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಅದರಲ್ಲಿ ಎರಡೂವರೆ ಒಂದೇ ಒಂದು ಫೋನ್ ಕಾಲ್‌ಗೆ ಸೇರಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ನನ್ನದು ಬಟ್ಟೆ ಆಲ್ಟರೇಷನ್ ಕೆಲಸ. ಹೊಸ ಬಟ್ಟೆ ಹೊಲಿಯುವುದಿಲ್ಲ. ಸೊಂಟ ಸಡಿಲ ಮಾಡುವುದು, ತೋಳಿನ ಉದ್ದ ಕಮ್ಮಿ ಮಾಡುವುದು, ಜಿಪ್ ಬದಲಾಯಿಸುವುದು, ಪ್ಯಾಂಟಿನ ಕಾಲು ಮಡಿಸಿ ಹೊಲಿಯುವುದು, ಇಷ್ಟೇ. ಆದರೆ ಬೋರ್ಡ್ ನೋಡಿ ಒಳಗೆ ಬರುವವರಲ್ಲಿ ಸುಮಾರು ಜನ ಹೊಸದು ಹೊಲಿಸಲು ಬಂದು, ಇಲ್ಲಿ ಮಾಡಲ್ವಾ ಅಂತ ಕೇಳಿ, ಮುಖ ಸಣ್ಣ ಮಾಡಿಕೊಂಡು ವಾಪಸ್ ಹೋಗುತ್ತಿದ್ದರು. ಹೆಸರಿನ ಕೆಳಗೆ ಒಂದು ಸಾಲು ಬೇಕಿತ್ತು. ಕಣ್ಣಿಗೆ ಬೀಳಬೇಕು, ಇಲ್ಲಿ ಏನು ನಡೆಯುತ್ತದೆ ಅಂತಲೂ ಗೊತ್ತಾಗಬೇಕು.

ಫಾರಂನಲ್ಲಿ 11 ಪ್ರಶ್ನೆ ಇದ್ದವು. ನಿಮ್ಮ ಬ್ರ್ಯಾಂಡಿನ ಗುಣವನ್ನು ಮೂರು ಪದದಲ್ಲಿ ಹೇಳಿ. ನಿಮ್ಮ ಬ್ರ್ಯಾಂಡಿಗೆ ಯಾವ ಬಣ್ಣ? ನಿಮ್ಮ ಬ್ರ್ಯಾಂಡ್ ಒಂದು ಪ್ರಾಣಿಯಾಗಿದ್ದರೆ ಯಾವ ಪ್ರಾಣಿ? ಬೆಕ್ಕು ಅಂತ ಸುಮ್ನೆ ಬರೆದೆ. ನಿಮ್ಮ ಹತ್ತಿರ ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಅನ್ನುವ ಪ್ರಶ್ನೆ ಮಾತ್ರ ಎಲ್ಲೂ ಇರಲಿಲ್ಲ.

ನಾಲ್ಕು ದಿನ ಅಂದಿದ್ದು ಒಂಬತ್ತು ದಿನ ಆಯ್ತು. ಬಂದ ಪಿಡಿಎಫ್ ನೋಡಲು ಬಹಳ ಚೆನ್ನಾಗಿತ್ತು. ಮೊದಲ ಆರು ಪುಟ ಜಗತ್ತಿನ ಹೆಸರಾಂತ ಟ್ಯಾಗ್‌ಲೈನ್‌ಗಳು: ನೈಕಿ, ಆ್ಯಪಲ್, ಏವಿಸ್, ಡಿ ಬೀರ್ಸ್. ನಮ್ಮನ್ನು ಮೆಚ್ಚಿಸಲು ಹಾಕಿದ್ದು ಅಂತ ಗೊತ್ತಾಗುತ್ತದೆ. ಏಳನೇ ಪುಟದಿಂದ ನನ್ನವು. 20ರಲ್ಲಿ 13ಕ್ಕೆ ಕೊನೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇತ್ತು, ಆಶ್ಚರ್ಯ ಮಾತ್ರ ಎಲ್ಲೂ ಇರಲಿಲ್ಲ.

"ಗುಣಮಟ್ಟವೇ ನಮ್ಮ ಉಸಿರು." ಗುಣಮಟ್ಟ ಯಾರ ಉಸಿರಲ್ಲ ಹೇಳಿ? "ನಿಮ್ಮ ನಗುವೇ ನಮ್ಮ ಗೆಲುವು!" ಇದು ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ಇನ್ನೂ ಚೆನ್ನಾಗಿ ಕೂರುತ್ತದೆ. "ಪ್ರತಿ ಹೊಲಿಗೆಯಲ್ಲೂ ಪ್ರೀತಿ!" ನನ್ನ ಕೆಲಸದಲ್ಲಿ ಅರ್ಧ ಹೊತ್ತು ಹೊಲಿಗೆ ಬಿಚ್ಚುವುದೇ ಆಗುತ್ತದೆ, ಅದಕ್ಕೆ ಏನು ಹೇಳೋಣ? ನಾನು ಒಂದು ಆಟ ಆಡಿದೆ. ಪ್ರತಿ ಸಾಲಿನ ಮೇಲೆ ನನ್ನ ಹೆಸರು ಮುಚ್ಚಿ, ಬೇರೆ ಯಾವುದಾದರೂ ಅಂಗಡಿಯ ಹೆಸರು ಬರೆದೆ. ಪೇಂಟ್ ಅಂಗಡಿ, ಟ್ಯೂಷನ್, ಟೈರ್ ಅಂಗಡಿ. 17 ಸಾಲು ಎಲ್ಲರಿಗೂ ಹೊಂದಿಕೊಂಡವು. ಎಲ್ಲರಿಗೂ ಆಗುವ ಸಾಲು ನನ್ನ ಬೋರ್ಡಿನ ಮೇಲೆ ಯಾಕಿರಬೇಕು?

ಒಂದು ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. "ಸುಮ್ಮನೆ ತೊಡಿ." ಎಲ್ಲಿಂದ ಎತ್ತಿದ್ದು ಅಂತ ಓದಿದವರಿಗೆ ಗೊತ್ತಾಗಿರುತ್ತದೆ, 1988ರ ನೈಕಿಯ 'ಜಸ್ಟ್ ಡೂ ಇಟ್'. ಇಂಗ್ಲಿಷಿನ ಆ 'ಜಸ್ಟ್' ನೆಪ ಬಿಡು, ಶುರು ಹಚ್ಚು ಅನ್ನುತ್ತದೆ. ನಮ್ಮ 'ಸುಮ್ಮನೆ' ಅದರ ಪೂರ್ತಿ ಉಲ್ಟಾ. ಸುಮ್ಮನೆ ಬಂದೆ ಅಂದರೆ ಕೆಲಸ ಏನೂ ಇರಲಿಲ್ಲ ಅಂತ. ಸುಮ್ಮನಿರು ಅಂದರೆ ಬಾಯಿ ಮುಚ್ಚು ಅಂತ. ಸುಮ್ಮನೆ ತೊಡಿ ಅಂದರೆ ಚರ್ಚೆ ಬೇಡ, ಟೈಟ್ ಆದರೂ ಹಾಕ್ಕೊಂಡು ಹೋಗಿ ಅಂತ ಕೇಳಿಸುತ್ತದೆ. ಆಲ್ಟರೇಷನ್ ಅಂಗಡಿ ಆ ಮಾತು ಹೇಳಬಹುದಾ? ನೈಕಿಯ ಆ ಸಾಲು ಬರೆದ ಡ್ಯಾನ್ ವೀಡನ್‌ಗೆ ಅದರ ಬೀಜ ಸಿಕ್ಕಿದ್ದು ಗ್ಯಾರಿ ಗಿಲ್ಮೋರ್ ಎಂಬ ಕೊಲೆಗಾರನ ಬಾಯಿಂದ. 1977ರಲ್ಲಿ ಅಮೆರಿಕದ ಯೂಟಾದಲ್ಲಿ ಅವನಿಗೆ ಮರಣದಂಡನೆ ಆಗುವ ಮುಂಚೆ 'ಲೆಟ್ಸ್ ಡೂ ಇಟ್' ಅಂದಿದ್ದ. ವೀಡನ್ 'ಲೆಟ್ಸ್' ತೆಗೆದು 'ಜಸ್ಟ್' ಹಾಕಿದರು, ಅಷ್ಟೇ. ಇಡೀ ಕೆಲಸ ಇದ್ದದ್ದು ಆ ಒಂದು ಪದದಲ್ಲಿ, ನನಗೆ ಅನುವಾದ ಮಾಡಿ ಕೊಟ್ಟವರು ಎಡವಿದ್ದೂ ಅದೇ ಪದದಲ್ಲಿ.

"ಒಂದೇ ಗಂಟೆಯಲ್ಲಿ ಹೊಸದರಂತೆ!" ಇದು ನನಗೆ ಭಯ ಹುಟ್ಟಿಸಿತು. ಲೈನಿಂಗ್ ಇರುವ ಕೋಟಿನ ತೋಳು ಗಿಡ್ಡ ಮಾಡಲು ಅರ್ಧ ದಿನ ಬೇಕು. ಡಾಮಿನೋಸ್‌ನವರು ಅಮೆರಿಕದಲ್ಲಿ 30 ನಿಮಿಷದಲ್ಲಿ ಪಿಜ್ಜಾ ತಲುಪಿಸುವ ಗ್ಯಾರಂಟಿ ಕೊಟ್ಟು, ಡೆಲಿವರಿಯವರ ಅಪಘಾತಗಳು ಕೋರ್ಟಿಗೆ ಹೋಗಿ, 1993ರಲ್ಲಿ ಆ ಮಾತನ್ನೇ ವಾಪಸ್ ತೆಗೆದುಕೊಂಡರು. ಅಷ್ಟು ದೊಡ್ಡ ಕಂಪನಿಗೇ ಆಗದ ಮಾತು ಒಂದು ಕತ್ತರಿ, ಎರಡು ಮಷಿನ್ ಇಟ್ಟುಕೊಂಡ ನನ್ನಿಂದ ಆಗುತ್ತಾ?

ಇನ್ನೊಂದು, "ಉತ್ಕೃಷ್ಟತೆಯ ಸ್ಪರ್ಶ". ಕೇಳಲು ಭಾರಿ. ಬಟ್ಟೆಗೆ ಹೊಲಿಯುವ ಒಂದಿಂಚು ಲೇಬಲ್ ಮೇಲೆ ಸ್ಯಾಂಪಲ್ ಹಾಕಿಸಿ ನೋಡಿದೆ. ಒತ್ತಕ್ಷರ, ವಟ್ರಸುಳಿ, ಅರ್ಕಾವತ್ತು ಎಲ್ಲ ಒಂದರ ಮೇಲೊಂದು ಬಿದ್ದು, ದಾರ ಸಿಕ್ಕುಹಾಕಿಕೊಂಡ ಹಾಗೆ ಕಂಡಿತು. ಕನ್ನಡದಲ್ಲಿ ಟ್ಯಾಗ್‌ಲೈನ್ ಬರೆಯುವವರು ಅದನ್ನು ಒಂದು ಸಲ ಸಣ್ಣ ಅಕ್ಷರದಲ್ಲಿ ಪ್ರಿಂಟ್ ಮಾಡಿ ನೋಡಬೇಕು ಅಲ್ವಾ? ಕಂಪ್ಯೂಟರ್ ಪರದೆ ಮೇಲೆ ಎಲ್ಲ ಸಾಲೂ ಚೆನ್ನಾಗಿಯೇ ಕಾಣುತ್ತವೆ.

ಮೊದಲ ತಿದ್ದುಪಡಿ ಕೇಳಿದೆ. ಬಂದಿದ್ದು ಅದೇ ಸಾಲುಗಳು, 'ಪ್ರೀತಿ' ಇದ್ದಲ್ಲಿ 'ಕಾಳಜಿ'. ಸಿಟ್ಟು ಬಂತು. ಹಣ ವಾಪಸ್ ಕೊಡಿ ಅಂತ ಬರೆದೆ. ಆಗ ಒಬ್ಬ ಹುಡುಗಿ ಫೋನ್ ಮಾಡಿದಳು. ಫಾರಂ ನೋಡಿ ಬರೆದವರು ಬೇರೆ, ಈಗ ನನಗೆ ಕೊಟ್ಟಿದ್ದಾರೆ ಅಂದಳು. ಬ್ರ್ಯಾಂಡು, ಪ್ರಾಣಿ, ಬಣ್ಣ ಏನೂ ಕೇಳಲಿಲ್ಲ. "ಸರ್, ಗಿರಾಕಿಗಳು ಬಟ್ಟೆ ತಂದು ಕೌಂಟರ್ ಮೇಲೆ ಇಟ್ಟು ಮೊದಲು ಏನಂತಾರೆ?" ಅಂದಳು.

ನಾನು ಯಾವತ್ತೂ ಯೋಚಿಸಿರಲಿಲ್ಲ. ಆದರೆ ಉತ್ತರ ತಕ್ಷಣ ಬಾಯಿಗೆ ಬಂತು. ಹತ್ತರಲ್ಲಿ ಎಂಟು ಜನ ಒಂದೇ ಮಾತು ಹೇಳುತ್ತಾರೆ, "ಬಟ್ಟೆ ಚೆನ್ನಾಗೇ ಇದೆ, ನಾನೇ ದಪ್ಪ ಆಗಿಬಿಟ್ಟಿದ್ದೀನಿ." ಸ್ವಲ್ಪ ನಾಚಿಕೊಂಡೇ ಹೇಳುತ್ತಾರೆ, ತಪ್ಪು ಮಾಡಿದವರ ಹಾಗೆ. ಸಣ್ಣ ಆದವರು ಮಾತ್ರ ಜೋರಾಗಿ ಹೇಳುತ್ತಾರೆ. ಇದನ್ನು ಹೇಳಿದಾಗ ಅವಳೂ ನಕ್ಕಳು, ನಾನೂ ನಕ್ಕೆ. ನಲವತ್ತು ನಿಮಿಷ ಮಾತಾಡಿದೆವು.

ಎರಡು ದಿನ ಬಿಟ್ಟು ಒಂದೇ ಸಾಲಿನ ಇಮೇಲ್ ಬಂತು: "ಬಟ್ಟೆ ಅದೇ, ಅಳತೆ ಈಗಿನದು."

ನಿಜ ಹೇಳಬೇಕೆಂದರೆ ಮೊದಲು 'ಇಷ್ಟೇನಾ' ಅನಿಸಿತು. ಪ್ರಾಸ ಇಲ್ಲ, ಮೆರುಗು ಇಲ್ಲ. ಸಂಜೆ ಹೊತ್ತಿಗೆ ಅದು ತಲೆಯಲ್ಲಿ ಕೂತುಬಿಟ್ಟಿತ್ತು. 'ಬಟ್ಟೆ ಅದೇ' ಅಂದ ಕೂಡಲೇ ಇಲ್ಲಿ ಹೊಸದು ಹೊಲಿಯುವುದಿಲ್ಲ ಅಂತ ತಿಳಿಯುತ್ತದೆ. 'ಈಗಿನದು' ಅನ್ನುವಾಗ ದಪ್ಪ ಆದಿರಿ, ಸಣ್ಣ ಆದಿರಿ ಅಂತ ಯಾರಿಗೂ ಬೆರಳು ತೋರಿಸುವುದಿಲ್ಲ, ಆ ನಾಚಿಕೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತದೆ. ಫೋನಿನಲ್ಲಿ ಒಂದೇ ಉಸಿರಿಗೆ ಹೇಳಬಹುದು. ಒತ್ತಕ್ಷರ ಒಂದೇ, ಅದೂ 'ಬಟ್ಟೆ'ಯಲ್ಲಿ, ಹಾಗಾಗಿ ಲೇಬಲ್ ಮೇಲೂ ಚೊಕ್ಕವಾಗಿ ಬಂತು. ಪೇಂಟ್ ಅಂಗಡಿಯವರಿಗೆ ಕೊಟ್ಟರೂ ಬೇಡ ಅನ್ನುತ್ತಾರೆ.

ಆಮೇಲೆ ಆ ಪಿಡಿಎಫ್ ಮತ್ತೆ ತೆಗೆದು ನೋಡಿದೆ. ಮೂರನೇ ಪುಟದಲ್ಲಿ ಏವಿಸ್ ಇತ್ತು, 1962ರಲ್ಲಿ ಪೌಲಾ ಗ್ರೀನ್ ಬರೆದ 'ವಿ ಟ್ರೈ ಹಾರ್ಡರ್'. ಬಾಡಿಗೆ ಕಾರಿನ ವ್ಯಾಪಾರದಲ್ಲಿ ಹರ್ಟ್ಜ್ ಮುಂದಿತ್ತು, ಏವಿಸ್ ಹಿಂದೆ. ಅವರು ಅದನ್ನು ಮುಚ್ಚಿಡಲಿಲ್ಲ, ನಾವು ಎರಡನೆಯವರು, ಅದಕ್ಕೇ ಜಾಸ್ತಿ ಕಷ್ಟಪಡುತ್ತೇವೆ ಅಂತ ಹೇಳಿಕೊಂಡರು. ಆ ಸಾಲು 50 ವರ್ಷ ನಡೆಯಿತು. ಹೇಳಿಕೊಳ್ಳಲು ಮುಜುಗರ ಆಗುವ ಕಡೆಯೇ ಸಾಲು ಇರುತ್ತದೆ ಅಂತ ಇವರದೇ ಮೂರನೇ ಪುಟ ಹೇಳುತ್ತಿತ್ತು. ಏಳನೇ ಪುಟ ಬರೆದವರು ಅದನ್ನು ಓದಿರಲಿಲ್ಲ, ಅಷ್ಟೇ.

ಬೇರೆ ವಿಷಯಗಳು. ಸಾಲಿನ ಹಕ್ಕು ಪೂರ್ತಿ ನಿಮ್ಮದೇ ಅಂತ ಕೇಳದೆಯೇ ಬರವಣಿಗೆಯಲ್ಲಿ ಕೊಟ್ಟರು, ಅದು ಒಳ್ಳೆಯದು. ಆದರೆ ಬೇರೆ ಯಾರಾದರೂ ಈ ಸಾಲು ಬಳಸುತ್ತಿದ್ದಾರಾ ಅಂತ ಅವರು ನೋಡುವುದಿಲ್ಲ. ನಾನೇ ಹುಡುಕಿದೆ, 20ರಲ್ಲಿ ಎರಡು ಸಾಲು ಅಕ್ಷರಶಃ ಬೇರೆಯವರ ಹತ್ತಿರ ಇದ್ದವು. ಟ್ರೇಡ್‌ಮಾರ್ಕ್ ಕೂಡ ನೀವೇ ನೋಡಿಕೊಳ್ಳಬೇಕು. ಬಿಲ್ ಸರಿಯಾಗಿ ಕೊಟ್ಟರು.

ಇಂಥ ಸರ್ವಿಸ್ ತೆಗೆದುಕೊಳ್ಳುವವರು ಹಣ ಕಟ್ಟುವ ಮುಂಚೆಯೇ ಒಂದು ಮಾತು ಕೇಳಿ: ಬರೆಯುವವರು ನನ್ನ ಜೊತೆ ಫೋನಿನಲ್ಲಿ ಮಾತಾಡುತ್ತಾರಾ? ಇಲ್ಲ ಅಂದರೆ ಬಿಟ್ಟುಬಿಡಿ. ಒಂದು ವಾರ ಗಿರಾಕಿಗಳು ಹೇಳಿದ್ದನ್ನು ಹಾಗೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, 20 ಸಾಲಿಗಿಂತ ಒಳ್ಳೆಯದು ಅದರಲ್ಲೇ ಸಿಗುತ್ತದೆ.

ಬೋರ್ಡ್ ಬದಲಾಯಿಸಿ ಮೂರು ತಿಂಗಳಾಯ್ತು. ಹೊಸದು ಹೊಲಿಸಲು ಬಂದು ವಾಪಸ್ ಹೋಗುವವರು ಕಮ್ಮಿಯಾಗಿದ್ದಾರೆ, ಪೂರ್ತಿ ನಿಂತಿಲ್ಲ. ಮೊನ್ನೆ ಒಬ್ಬರು ಸೊಂಟ ಸಡಿಲ ಮಾಡಿಸಲು ಪ್ಯಾಂಟ್ ತಂದಿದ್ದರು. ಬೋರ್ಡ್ ಕಡೆ ಕೈ ತೋರಿಸಿ, "ಈಗಿನದು ಅಂದ್ರೆ, ಮುಂದಿನ ವರ್ಷ ಮತ್ತೆ ಬರಬೇಕಾ?" ಅಂತ ಕೇಳಿದರು. ಅದಕ್ಕೇ ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟಿರುತ್ತೇನೆ ಅಂದೆ.