ಚಹಾಕ್ಕೆ ಮಜ್ಜಿಗೆ ಹುಲ್ಲು: ಬೀಜ ಬೇಡ, ಕಾಕಾನ ಬುಡವೇ ಸಾಕು

ಚಹಾಕ್ಕೆ ಹಾಕಲು ಮಜ್ಜಿಗೆ ಹುಲ್ಲು, ಅಂದರೆ ಲೆಮನ್‌ಗ್ರಾಸ್, ಬೆಳೆಸುವವರು ಬೀಜದ ಪ್ಯಾಕೆಟ್ ಮುಟ್ಟಬೇಡಿ. ಬೀದರ್ ಹತ್ತಿರದ ನಮ್ಮ ಕೆಂಪು ಮಣ್ಣಿನ ಹೊಲದಲ್ಲಿ ಮೂರು ತರದ್ದು ಹಚ್ಚಿ ನೋಡಿದ್ದೇನೆ: ಅಂಗಡಿಯ ಬೀಜ, ‘ಕೃಷ್ಣ’ ತಳಿಯ ಕಂದು (ಬುಡದಿಂದ ಸೀಳಿದ ಸಸಿ), ಪಕ್ಕದ ಮನೆ ಕಾಕಾ ಕೊಟ್ಟ ಹಳೇ ಬುಡ. ನನ್ನ ಓಟು ಕಾಕಾನ ಹುಲ್ಲಿಗೆ.

ಬೀಜ ಅಗ್ಗ, ನಿಜ. ಆದರೆ ಹಳೆಯದಾದಷ್ಟೂ ಹುಟ್ಟುವುದು ಕಮ್ಮಿ, ಪ್ಯಾಕೆಟ್ ಮೇಲೆ ಯಾವ ವರ್ಷದ್ದು ಅಂತ ಇರಲೇ ಇಲ್ಲ. ಹುಟ್ಟಿದ ಸಸಿಯೂ ಥೇಟ್ ಕಳೆಯ ಹಾಗೆ. ಕಳೆ ತೆಗೆಯಲು ಬಂದವರು ಒಂದೊಂದು ಎಳೆ ಹಿಡಿದು ‘ಅಣ್ಣಾ, ಇದ್ ಕೀಳ್ಲೋ ಬಿಡ್ಲೋ?’ ಅಂತ ಕೇಳುವುದು, ನಾನು ಎಲೆ ತಿಕ್ಕಿ ಮೂಸುವುದು.

ಬೆಳೆದ ಮೇಲೆ ಅಸಲಿ ಫಜೀತಿ. ಪ್ಯಾಕೆಟ್ ಒಂದೇ, ಆದರೆ ಒಂದರ ಬುಡ ಕೆಂಪು, ಪಕ್ಕದ್ದು ಬಿಳಿ. ಒಂದಕ್ಕೆ ನಿಂಬೆಯ ಘಮ, ಇನ್ನೊಂದಕ್ಕೆ ಗುಲಾಬಿ ವಾಸನೆ, ಕೆಲವು ಸುಮ್ನೆ ಮೇವು! ಮಾರಿದವನನ್ನೇ ಬೈದು ಪ್ರಯೋಜನ ಇಲ್ಲ. ಬೀಜ ಕಟ್ಟುವ ಈ ಈಸ್ಟ್ ಇಂಡಿಯನ್ ಜಾತಿಯಲ್ಲಿ ಗಿಡದಿಂದ ಗಿಡಕ್ಕೆ ಪರಾಗ ಬೆರೆಯುತ್ತದೆ, ತಾಯಿಯ ಗುಣವೇ ಮರಿಗೆ ಬರುವ ಗ್ಯಾರಂಟಿ ಇಲ್ಲ. ತಳಿ ಆರಿಸುವವರಿಗೆ ಈ ಬೆರಕೆಯೇ ಬಂಡವಾಳ. ಕೇರಳದ ಓಡಕ್ಕಾಲಿ ಸಂಶೋಧನಾ ಕೇಂದ್ರದ ‘ಸುಗಂಧಿ’ ತಳಿ, ಅಂದರೆ ಓಡಿ-19, ಅದರಿಂದ ಆರಿಸಿದ ‘ಪ್ರಗತಿ’ ಎಲ್ಲ ಇದೇ ಜಾತಿಯವು. ನನಗೆ ಬೇಕಿದ್ದುದು ದಿನಾ ಒಂದೇ ರುಚಿಯ ಚಹಾ, ಅಷ್ಟೇ.

‘ಕೃಷ್ಣ’ ಕಂದಿನಿಂದ ಬಂದದ್ದು, ಹಾಗಾಗಿ ಸಾಲು ಪೂರ್ತಿ ಒಂದೇ ತರ. ಎಲೆಯ ಎಣ್ಣೆಯಲ್ಲಿ ನಿಂಬೆ ಘಮ ಕೊಡುವ ಸಿಟ್ರಾಲ್ ಶೇ. 75ರ ಆಸುಪಾಸು ಅಥವಾ ಜಾಸ್ತಿ. ಎಣ್ಣೆ ತೆಗೆಯುವ ಭಟ್ಟಿ ಇಟ್ಟವರು ಕಣ್ಣು ಮುಚ್ಚಿ ಇದನ್ನೇ ಹಾಕಲಿ. ನನ್ನ ಹತ್ತಿರ ಭಟ್ಟಿ ಇಲ್ಲ, ಕಂದು ತರಿಸುವ ಬಾಡಿಗೆಯೇ ಭಾರವಾಯಿತು.

ಕಾಕಾನದು ವೆಸ್ಟ್ ಇಂಡಿಯನ್ ಜಾತಿ. ಹೂ ಬಿಡುವುದೇ ಅಪರೂಪ. ಬುಡ ಸೀಳಿ ಸೀಳಿಯೇ ಮನೆಯಿಂದ ಮನೆಗೆ ಹೋಗುತ್ತದೆ, ಓಣಿಯಲ್ಲಿ ಇರುವುದೆಲ್ಲ ಹೆಚ್ಚುಕಮ್ಮಿ ಒಂದೇ ಗಿಡ. ರೋಗ ಬಂದರೆ ಎಲ್ಲಕ್ಕೂ ಬರುತ್ತದೆ, ಆ ಭಯ ಇದ್ದೇ ಇದೆ. ಎಣ್ಣೆಯಲ್ಲಿ ಮಿರ್ಸೀನ್ ಅನ್ನೋ ಅಂಶ ಜಾಸ್ತಿ ಇರುವುದರಿಂದ ಆಲ್ಕೋಹಾಲ್‌ನಲ್ಲಿ ಸರಿಯಾಗಿ ಕರಗುವುದಿಲ್ಲ, ಸೆಂಟ್ ಮಾಡುವವರಿಗೆ ಅಷ್ಟು ಹಿಡಿಸುವುದಿಲ್ಲ. ಚಹಾಕ್ಕೆ ಅದೆಲ್ಲ ಯಾಕೆ ಬೇಕು, ಅಲ್ವಾ? ಇದರ ಬುಡ ದಪ್ಪ. ಶುಂಠಿ ಜೊತೆ ಜಜ್ಜಿ ಕುದಿಸಿದರೆ ಗಟ್ಟಿ ಹಾಲಿನ ಚಹಾದಲ್ಲೂ ಘಮ ಅಡಗುವುದಿಲ್ಲ. ಬೇಸಿಗೆಯಲ್ಲಿ ನೀರು ತಪ್ಪಿಸಬಾರದು, ಅಷ್ಟೇ.

ಇದಕ್ಕೆ ನಾನು ಕೊಟ್ಟದ್ದು ಒಂದು ಸೇರು ತೊಗರಿಬೇಳೆ. ಮಳೆ ಹಿಡಿದ ಮೇಲೆ ಬೀಜದ ಮಡಿ ಕಿತ್ತು ಅಲ್ಲೂ ಇದನ್ನೇ ಹಚ್ಚುತ್ತೇನೆ. ಕೆಂಪು ಬುಡದ, ನಿಂಬೆ ಘಮದ ಒಂದೆರಡು ಮಾತ್ರ ಉಳಿಸಿಕೊಳ್ಳುತ್ತೇನೆ.