ಅಂಗೈಯಲ್ಲಿ ಮುರಿದ ಬಿದಿರ ಸಿಬಿರು: ನಾನು ಮಾಡಿದ್ದನ್ನು ನೀವು ಮಾಡಬೇಡಿ

ಕಳೆದ ಬೇಸಿಗೆಯಲ್ಲಿ ದೋಟಿ ಹಿಡಿದು ಮಾವಿನಕಾಯಿ ಕೊಯ್ಯುತ್ತಿದ್ದಾಗ ಹಳೆಯ ಬಿದಿರು ಕೈಯಲ್ಲಿ ಜಾರಿ, ಅದರ ಸಿಬಿರೊಂದು ಬಲ ಹೆಬ್ಬೆರಳಿನ ಬುಡದಲ್ಲಿ ಓರೆಯಾಗಿ ಹೊಕ್ಕಿತು. ಹೊರಗೆ ಕಾಣುತ್ತಿದ್ದುದು ಎಳ್ಳುಕಾಳಿನಷ್ಟು ತುದಿ ಮಾತ್ರ. ಸೋಪು ಹಚ್ಚಿ ಕೈ ತೊಳೆದು, ಸ್ಪಿರಿಟ್‌ನಿಂದ ಒರೆಸಿದ ಚಿಮಟದಲ್ಲಿ ಆ ತುದಿಯನ್ನು ಹಿಡಿದು, ಅದು ಹೊಕ್ಕ ಓರೆಯಲ್ಲೇ ನಿಧಾನವಾಗಿ ಎಳೆದಿದ್ದರೆ ಬಹುಶಃ ಇಡಿಯಾಗಿ ಬರುತ್ತಿತ್ತು. ನಾನು ಸೆರಗಿಗೆ ಚುಚ್ಚಿದ್ದ ಪಿನ್ನನ್ನೇ ತೆಗೆದು ನೇರ ಮೇಲಕ್ಕೆ ಮೀಟಿದೆ. ತುದಿ ಮುರಿಯಿತು, ಉಳಿದದ್ದು ಒಳಗೇ ಉಳಿಯಿತು.

ಆಮೇಲೆ ಅರ್ಧ ಗಂಟೆ ಕೈಯನ್ನು ಬಿಸಿನೀರಿನಲ್ಲಿ ಅದ್ದಿಟ್ಟದ್ದು ಎರಡನೆಯ ತಪ್ಪು. ಗಾಜು, ಲೋಹಗಳ ಮಾತು ಬೇರೆ. ಮರದ ಚೂರು ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗಿ ಹಿಡಿದಲ್ಲೇ ಪುಡಿಯಾಗುತ್ತದೆ. "ಎಕ್ಕದ ಹಾಲು ಹಚ್ಚಮ್ಮ, ಮುಳ್ಳು ತಾನೇ ಮೇಲೆ ಬರುತ್ತೆ" ಎಂದು ಅತ್ತೆ ಅಕ್ಕರೆಯಿಂದಲೇ ಹೇಳಿದರು, ಹಚ್ಚಿದೆ. ಮುಳ್ಳು ಬರಲಿಲ್ಲ, ಚರ್ಮ ಸುಟ್ಟಂತಾಗಿ ಗುಳ್ಳೆ ಎದ್ದಿತು. ಆ ಹಾಲು ಕೈಯಿಂದ ಕಣ್ಣಿಗೆ ತಾಗಿದರೆ ಕಣ್ಣಿಗೇ ಅಪಾಯವೆಂಬುದು ಆಗ ನನಗೆ ತಿಳಿದಿರಲಿಲ್ಲ.

ನಾಲ್ಕನೆಯ ರಾತ್ರಿ ನಂಜೇರಿ, ಗಾಯ ನಾಡಿಯಂತೆ ಮಿಡಿಯತೊಡಗಿತು. ಬೆಳಗಾಗುವಾಗ ಮುಷ್ಟಿ ಕಟ್ಟಲು ಆಗಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದುದರಿಂದ ನಾನು ನಿರಾಳವಾಗಿದ್ದೆ, ಆದರೆ ಮರದ ಚೂರು ಎಕ್ಸ್‌ರೇಗೆ ಸಾಮಾನ್ಯವಾಗಿ ಸಿಗುವುದಿಲ್ಲವೆಂದು ವಿವರಿಸಿದ ವೈದ್ಯರು ಸ್ಕ್ಯಾನಿಂಗ್ ಮಾಡಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕೊಯ್ದು, ಕೀವಿನ ಜೊತೆ ಒಂದೂವರೆ ಸೆಂಟಿಮೀಟರ್ ಉದ್ದದ ಕಪ್ಪು ಕಡ್ಡಿಯನ್ನು ಹೊರತೆಗೆದರು. ಕೊನೆಯ ಬಾರಿ ಟಿಟಿ (ಧನುರ್ವಾಯು ತಡೆಯುವ ಚುಚ್ಚುಮದ್ದು) ಹಾಕಿಸಿಕೊಂಡದ್ದು ಯಾವಾಗ ಎಂದು ಕೇಳಿದಾಗ, ಮಗ ಹೊಟ್ಟೆಯಲ್ಲಿದ್ದಾಗ ಎಂದೆ. ಮಗನಿಗೀಗ 11 ವರ್ಷ. ಮಣ್ಣು, ಕೊಳೆ ಸೇರಿದ ಗಾಯವಾದರೆ, ಹಿಂದಿನ ಚುಚ್ಚುಮದ್ದಿಗೆ 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು.

ದಯವಿಟ್ಟು ಮುರಿದ ಸಿಬಿರನ್ನು ಕೆದಕಬೇಡಿ, ಹಿಸುಕಬೇಡಿ. ಉಗುರಿನಡಿ ಅಥವಾ ಬೆರಳಿನ ಗಿಣ್ಣಿನ ಬಳಿ ಆಳವಾಗಿ ಹೊಕ್ಕಿದ್ದರೆ, ಕೆಂಪು ಗೆರೆಯೊಂದು ಕೈಮೇಲೆ ಏರುತ್ತಿದ್ದರೆ, ಜ್ವರ ಬಂದರೆ, ಆ ದಿನವೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರಂತೂ ಕಾಯಲೇಬಾರದು. ಪಾದ ಜೋಮು ಹಿಡಿದವರಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ನಮ್ಮ ಅತ್ತೆಗೆ ಸಕ್ಕರೆ ಇದೆ, ತೋಟಕ್ಕೆ ಬರಿಗಾಲಲ್ಲಿ ಹೋಗುವ ರೂಢಿಯೂ ಇದೆ. ಈಗ ಪ್ರತಿ ಸಂಜೆ ದೀಪದ ಬೆಳಕಿನಲ್ಲಿ ಅವರ ಅಂಗಾಲನ್ನು ನಾನೇ ನೋಡುತ್ತೇನೆ.